ಮುನ್ನೂರೈವತ್ತು ಪದಗಳಲ್ಲಿ ಹಿಡಿಸದವಳು

ಕರುಗಳು ಕೂಗುತ್ತಿದ್ದವು. ಜನವರಿಯ ಮಂಜಿನಲ್ಲಿ ಆ ಕೂಗು ಎಲ್ಲಿಂದ ಬರುತ್ತದೆಂದು ಹೇಳಲಾಗುವುದಿಲ್ಲ. ಮನೆಯ ಹಿಂದಿನ ಡೈರಿಯಲ್ಲಿ ಸಾಲಾಗಿ ಇಟ್ಟ ಬಿಳಿ ಗೂಡುಗಳಿಂದಲೋ, ರಸ್ತೆಯಾಚೆಯ ಬಾದಾಮಿ ತೋಟದಿಂದಲೋ, ಅಡುಗೆಮನೆಯ ಗೋಡೆಯೊಳಗಿಂದಲೋ. ಹುಟ್ಟಿದ ದಿನವೇ ತಾಯಿಯಿಂದ ಬೇರೆ ಮಾಡಿದ ಕರು ಮೂರು ದಿನ ಕೂಗಿ ನಾಲ್ಕನೆಯ ದಿನ ಸುಮ್ಮನಾಗುತ್ತದೆ. ಅಷ್ಟರಲ್ಲಿ ಪಕ್ಕದ ಗೂಡಿಗೆ ಇನ್ನೊಂದು ಬಂದಿರುತ್ತದೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಅದು ಗೋಡೆ ಗಡಿಯಾರದ ಸದ್ದಿದ್ದ ಹಾಗೆ, ಕಿವಿಗೆ ಬೀಳುವುದೇ ಇಲ್ಲ. ಡೆಲ್ಫೀನಾ ಬೋರ್ಬಾಳಿಗೂ ಹದಿನೆಂಟು ವರ್ಷ ಕೇಳಿಸಿರಲಿಲ್ಲ. ಅಕ್ಕ ಹೋದ ಮೇಲೆ ಕೇಳಿಸತೊಡಗಿತು.

ಕ್ಯಾಲಿಫೋರ್ನಿಯಾದ ನಡುಗಣಿವೆಯ ಆ ಊರಿಗೆ ಅವರ ಅಜ್ಜಂದಿರು ಪೋರ್ಚುಗೀಸರ ಅಜೋರ್ಸ್ ದ್ವೀಪಗಳಿಂದ ಬಂದಿದ್ದರು, ಹಾಲು ಕರೆಯುವ ಕೈಗಳನ್ನು ಬಿಟ್ಟು ಬೇರೇನೂ ತರದೆ. ಅಪ್ಪ ಈಗಲೂ ಡೈರಿಯಲ್ಲೇ ದನ ನೋಡಿಕೊಳ್ಳುತ್ತಾನೆ. ಮನೆಯೂ ಡೈರಿಯವರದೇ. ಅಮ್ಮ ಚೀಸ್ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುತ್ತಾಳೆ. ಡೆಲ್ಫೀನಾಗೆ ಈಗ ಇಪ್ಪತ್ತೊಂದು. ಮಾತು ಕಡಿಮೆ. ಯಾರಾದರೂ ಹೊಗಳಿದರೆ ಹಿಂದೆ ತಿರುಗಿ ನೋಡುವ ಅಭ್ಯಾಸ, ಹೊಗಳಿಕೆ ಹಿಂದೆ ನಿಂತ ಇನ್ಯಾರಿಗೋ ಇದ್ದಂತೆ. ಹೆಚ್ಚಿನ ಸಲ ಅದು ಇನ್ಯಾರಿಗೋ ಆಗಿಯೇ ಇರುತ್ತಿತ್ತು. ಅಕ್ಕ ಒಡೀಲಿಯಾ ಮೂರು ವರ್ಷ ದೊಡ್ಡವಳು, ಮಾತಿನ ಮಲ್ಲಿ. ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ, ಕೊನೆಗೆ ಅವನಿಂದಲೇ ಥ್ಯಾಂಕ್ಸ್ ಹೇಳಿಸಿಕೊಂಡು ಬರುವವಳು.

ಮೂರು ಚಳಿಗಾಲದ ಹಿಂದೆ, ಬೆಳಿಗ್ಗೆ ಏಳೂವರೆಗೆ, ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆಗೆಂದು ಕಾಲೇಜಿಗೆ ಹೊರಟ ಒಡೀಲಿಯಾ ಮಂಜಿನಲ್ಲಿ ಕಾಲುವೆ ಪಕ್ಕದ ನಾಲ್ಕು ರಸ್ತೆಯ ಕೂಡಿನಲ್ಲಿ ಹಾಲಿನ ಟ್ಯಾಂಕರಿಗೆ ಸಿಕ್ಕಿದಳು. ಆ ಕಡೆಯ ಜನ ಮಂಜಿನಲ್ಲಿ ಕೂಡುರಸ್ತೆ ಬಂದರೆ ರೇಡಿಯೋ ಆರಿಸಿ, ಕಿಟಕಿ ಇಳಿಸಿ, ಕಿವಿಗೊಟ್ಟು ಕೇಳಿ ಆಮೇಲೆ ದಾಟುತ್ತಾರೆ. ಕಣ್ಣಿಗೆ ಏನೂ ಕಾಣದ ಕಡೆ ಕಿವಿಯೇ ಕಣ್ಣು. ಅಪಘಾತವಾದ ಕಾರಿನ ಕಿಟಕಿ ಇಳಿಸಿಯೇ ಇತ್ತಂತೆ. ಕೇಳಿಸಿಕೊಂಡೇ ದಾಟಿದ್ದಳು ಎಂದು ಪೊಲೀಸಿನವನು ಅಪ್ಪನಿಗೆ ಸಮಾಧಾನ ಎಂಬಂತೆ ಹೇಳಿದ.

ಈಗ ಡೆಲ್ಫೀನಾ ಅದೇ ಕಾಲೇಜಿಗೆ, ಅದೇ ರಸ್ತೆಯಲ್ಲಿ, ಅಕ್ಕನದೇ ಪುಸ್ತಕಗಳನ್ನು ಹೊತ್ತು ಹೋಗಿ ಬರುತ್ತಾಳೆ. ಪುಸ್ತಕದ ಅಂಚುಗಳಲ್ಲೆಲ್ಲ ಪೆನ್ಸಿಲ್ಲಿನ ಬರಹ. 'ಇದು ಪರೀಕ್ಷೆಗೆ ಬರುತ್ತೆ', 'ಇದು ಸುಳ್ಳು, ಮೇಷ್ಟ್ರಿಗೇ ಗೊತ್ತಿಲ್ಲ'. ಒಂದು ಪುಟದಲ್ಲಿ ಬರೀ ಒಂದು ಪ್ರಶ್ನೆ ಇತ್ತು: 'ಯಾಕೆ?' ಆ ಪ್ರಶ್ನೆಗೆ ಉತ್ತರ ಆ ಪುಟದಲ್ಲಿ ಇಲ್ಲವೆಂದು ಡೆಲ್ಫೀನಾ ಮೂರು ಸಲ ಓದಿ ಖಾತ್ರಿ ಮಾಡಿಕೊಂಡಳು.

ಊರ ಕಾಲೇಜಿನದು ಎರಡು ವರ್ಷದ ಓದು. ಆಮೇಲೆ ದೊಡ್ಡ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರಬೇಕು, ಅದಕ್ಕೆ ಟ್ರಾನ್ಸ್‌ಫರ್ ಎನ್ನುತ್ತಾರೆ. ಆ ಕಾಲೇಜಿನ ಕಾರಿಡಾರಿನಲ್ಲಿ ಹುಡುಗರು ಪ್ರೀತಿಗಿಂತ ಹೆಚ್ಚು ಮಾತಾಡುವುದು ಆ ಪದವನ್ನೇ. ಬೆಟ್ಟದಾಚೆ, ಕೊಲ್ಲಿಯ ದಂಡೆಯಲ್ಲಿರುವ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕುವ ನೂರು ಜನರಲ್ಲಿ ನಾಲ್ಕು ಜನಕ್ಕೆ ಸೀಟು. ಈ ಊರಿನಿಂದ ಯಾರೂ ಇದುವರೆಗೆ ಹೋದದ್ದಿಲ್ಲ. ಒಡೀಲಿಯಾ ಹೋಗಲಿದ್ದಳು ಎನ್ನುವುದು ಎಲ್ಲರ ಬಾಯಲ್ಲೂ ಇತ್ತು. ಅಲ್ಲಿಗೆ ಹೋಗಬೇಕೆಂದು ಡೆಲ್ಫೀನಾಗೆ ನಿಜಕ್ಕೂ ಆಸೆ ಇತ್ತು. ಅದು ತನ್ನದೇ ಆಸೆಯೋ, ಪುಸ್ತಕಗಳ ಜೊತೆ ಬಂದದ್ದೋ ಎಂದು ಅವಳು ಕೇಳಿಕೊಂಡಿರಲಿಲ್ಲ.

ಟ್ರಾನ್ಸ್‌ಫರ್ ವಿಷಯಕ್ಕೆ ಕಾಲೇಜಿನಲ್ಲಿ ಇದ್ದ ಸಲಹೆಗಾರ್ತಿ ಒಬ್ಬರೇ, ಮಿಸ್ ರುವೇಲಸ್. ಒಡೀಲಿಯಾಗೂ ಅವರೇ ದಾರಿ ತೋರಿಸಿದವರು. ಅವರ ಕಂಪ್ಯೂಟರಿನಲ್ಲಿ ಬೋರ್ಬಾ ಎಂದು ಹೊಡೆದರೆ ಇನ್ನೂ ಎರಡು ಹೆಸರು ಬರುತ್ತಿದ್ದವು, ಎರಡಕ್ಕೂ ಒಂದೇ ವಿಳಾಸ. ಮಿಸ್ ರುವೇಲಸ್ ಪ್ರತಿ ಸಲವೂ ಒಂದು ಕ್ಷಣ ತಡೆದು ಮೇಲಿನದನ್ನು ಒತ್ತುತ್ತಿದ್ದರು.

ಅಕ್ಟೋಬರಿನಲ್ಲಿ ಅವರು ಡೆಲ್ಫೀನಾಳ ಅಂಕಪಟ್ಟಿ ನೋಡಿ ತಲೆದೂಗಿದರು, ಆಮೇಲೆ ಅದನ್ನು ಪಕ್ಕಕ್ಕಿಟ್ಟರು.

"ಮಾರ್ಕ್ಸ್ ಎಲ್ರಿಗೂ ಇದೆ ಕಣಮ್ಮ. ಓದೋರು ಒಂದಿನಕ್ಕೆ ನೂರು ಅರ್ಜಿ ಓದ್ತಾರೆ. ನಿಂದು ಕೆಳಗಿಟ್ಟು ಕಾಫಿಗೆ ಹೋದಾಗ್ಲೂ ನೀನು ಅವ್ರ ತಲೇಲಿ ಇರ್ಬೇಕು. ಅಂಥದ್ದು ನಿನ್ನ ಹತ್ರ ಏನಿದೆ ಹೇಳು."

ಡೆಲ್ಫೀನಾ ಬ್ರೆಡ್ಡಿದೆ ಎಂದಳು.

ಬ್ರೆಡ್ಡಿನ ಸಂಗತಿ ಹೀಗೆ. ಊರಿನ ಪೋರ್ಚುಗೀಸ್ ಸಭಾಭವನವನ್ನು ಎಲ್ಲರೂ ಹಾಲ್ ಎಂದೇ ಕರೆಯುತ್ತಾರೆ. ಅದರ ಅಡುಗೆಮನೆಯಲ್ಲಿ ವಯಸ್ಸಾದ ಆರು ಹೆಂಗಸರು ಶುಕ್ರವಾರ ಸಿಹಿ ಬ್ರೆಡ್ಡು ಮಾಡುತ್ತಿದ್ದರು. ಮೊಟ್ಟೆ, ಬೆಣ್ಣೆ, ನಿಂಬೆಸಿಪ್ಪೆ ಹಾಕಿ ತೋಳು ಬೀಳುವಷ್ಟು ನಾದಿದ್ದು. ಮಾಡಿ ನೆಂಟರಿಗೆ ಹಂಚುತ್ತಿದ್ದರು, ಅಷ್ಟೇ. ಹತ್ತೊಂಬತ್ತರ ಒಡೀಲಿಯಾ ಅದರಲ್ಲಿ ಎರಡನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಟ್ಟದಾಚೆಯ ಸಾನ್ ಹೊಸೇಗೆ ಹೋದಳು. ಅಲ್ಲಿನ ಪೋರ್ಚುಗೀಸ್ ಅಂಗಡಿಗಳಲ್ಲಿ ಕೊಯ್ದು ತಿನ್ನಿಸಿದಳು. ವಾರಕ್ಕೆ ಇನ್ನೂರು ಬ್ರೆಡ್ಡಿಗೆ ಒಪ್ಪಿಸಿ ಬಂದಳು. ಬಂದ ಹಣದಲ್ಲಿ ಮುದುಕಿಯರು ಹಾಲ್‌ನ ಸೂರು ಹೊದಿಸಿದರು, ಒಬ್ಬಳು ಹಲ್ಲು ಕಟ್ಟಿಸಿಕೊಂಡಳು. ಡೆಲ್ಫೀನಾ ತಟ್ಟೆಗೆ ಬೆಣ್ಣೆ ಸವರುತ್ತಿದ್ದಳು, ಶನಿವಾರ ಅಕ್ಕನ ಪಕ್ಕ ಕೂತು ಪೆಟ್ಟಿಗೆ ಇಳಿಸುತ್ತಿದ್ದಳು. ಒಡೀಲಿಯಾ ಹೋದ ಮೇಲೆ ಏಳು ವಾರ ಒಲೆ ಹೊತ್ತಲಿಲ್ಲ. ಎಂಟನೆಯ ವಾರ ಅಂಗಡಿಯವನೊಬ್ಬ ಫೋನ್ ಮಾಡಿದ. ಡೆಲ್ಫೀನಾ ತೆಗೆದಳು, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಅವಳೇ ನಡೆಸುತ್ತಿದ್ದಳು.

ಇದನ್ನೆಲ್ಲ ಬರೆದಾಗ ಆರುನೂರು ಪದ ದಾಟಿತು. ಅರ್ಜಿಯ ಪ್ರತಿ ಉತ್ತರಕ್ಕೂ ಇದ್ದ ಮಿತಿ ಮುನ್ನೂರೈವತ್ತು. ಟೈಪ್ ಮಾಡುವ ಚೌಕದ ಕೆಳಗೆ ಒಂದು ಎಣಿಕೆ. ಹೆಚ್ಚಾದರೆ ಕೆಂಪು, ಮಿತಿಯೊಳಗೆ ಬಂದರೆ ಕಪ್ಪು. ಮಿಸ್ ರುವೇಲಸ್ ಓದಿ, ಚೆನ್ನಾಗಿದೆ, ಆದರೆ ಮುಕ್ಕಾಲು ಭಾಗ ಅಕ್ಕನೇ ಇದ್ದಾಳೆ ಎಂದರು. "ಅವ್ಳನ್ನ ಸ್ವಲ್ಪ ಕಡಿಮೆ ಮಾಡು. ಅವ್ರು ಸೀಟು ಕೊಡೋದು ಅಕ್ಕನಿಗಲ್ಲ." ಹೇಳಿದ ಮೇಲೆ ಅವರೇ ಕಿಟಕಿಯ ಕಡೆ ತಿರುಗಿಕೊಂಡರು.

ನವೆಂಬರಿನ ಕೊನೆಯ ದಿನ, ಅರ್ಜಿ ಕಳಿಸಲು ಉಳಿದ ಕೊನೆಯ ಗಂಟೆ. ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಡೆಲ್ಫೀನಾ ಕಡಿಯುತ್ತ ಕೂತಳು. ಮೊದಲು ಮಂಜು ಹೋಯಿತು. ಟ್ಯಾಂಕರ್ ಹೋಯಿತು. ಸೂರು, ಹಲ್ಲು, ಕಂಕುಳಲ್ಲಿಟ್ಟ ಬ್ರೆಡ್ಡು, ಏಳು ವಾರದ ತಣ್ಣನೆಯ ಒಲೆ ಎಲ್ಲ ಹೋದವು. ಮುನ್ನೂರ ಎಂಬತ್ತಮೂರರಲ್ಲಿ ನಿಂತುಬಿಟ್ಟಿತು. ಇನ್ನು ತೆಗೆಯಲು ಏನೂ ಇಲ್ಲ ಅನಿಸಿತು. ಬಾಗಿಲು ಹಾಕಬೇಕು ಎಂದು ಕೋಣೆಯ ಕಾವಲಿನವನು ಕೀಲಿ ಗೊಂಚಲು ಅಲ್ಲಾಡಿಸಿದ. ಒಡೀಲಿಯಾ ಬರುವ ಸಾಲುಗಳು ಮೂರು ಉಳಿದಿದ್ದವು. ಅವನ್ನು ತೆಗೆದು, ಉಳಿದ ವಾಕ್ಯಗಳ ತುದಿ ಕೂಡಿಸಿದಳು. ಆರು ಮುದುಕಿಯರ ಹತ್ತಿರ ಹೋಗಿದ್ದು ಡೆಲ್ಫೀನಾ, ಬೆಟ್ಟ ದಾಟಿದ್ದು ಡೆಲ್ಫೀನಾ, ಅಂಗಡಿಯವರನ್ನು ಒಪ್ಪಿಸಿದ್ದು ಡೆಲ್ಫೀನಾ ಎಂದಾಯಿತು. ಎಣಿಕೆ ಕಪ್ಪಾಯಿತು. ಕಳಿಸುವ ಗುಂಡಿ ಒತ್ತಿ ಹೊರಗೆ ಬಂದಾಗ ಕಾಲೇಜಿನ ಅಂಗಳದಲ್ಲಿ ಮಂಜು ಆಗಲೇ ಇಳಿದಿತ್ತು. ಕಾರು ಎಲ್ಲಿ ನಿಲ್ಲಿಸಿದ್ದೆನೆಂದು ತಿಳಿಯದೆ ಅವಳು ಸಾಲಿನಿಂದ ಸಾಲಿಗೆ ಬಹಳ ಹೊತ್ತು ಅಲೆದಳು.

ಆ ಮೂರು ಸಾಲು ಎಲ್ಲಿ ಹೋದವು ಎನ್ನುವ ಯೋಚನೆ ಅವಳನ್ನು ಡಿಸೆಂಬರ್ ಪೂರ್ತಿ ಬಿಡಲಿಲ್ಲ. ಕಾಗದವಾದರೆ ಹರಿದ ಚೂರು ಉಳಿಯುತ್ತಿತ್ತು.

ಒಡೀಲಿಯಾಳ ಧ್ವನಿ ಮಾತ್ರ ಉಳಿದಿತ್ತು. ಬ್ರೆಡ್ಡಿನ ಆರ್ಡರಿಗೆಂದು ಅವಳು ಕೊಂಡಿದ್ದ ಹಳೇ ಮೊಬೈಲನ್ನು ಡೆಲ್ಫೀನಾ ಈಗಲೂ ಚೀಲದಲ್ಲಿ ಇಟ್ಟುಕೊಂಡಿರುತ್ತಾಳೆ. ಯಾರೂ ತೆಗೆಯದಿದ್ದರೆ ಕರೆ ಮಾಡಿದವರಿಗೆ ಕೇಳಿಸುವುದು ಅವಳ ಮಾತೇ: "ಹಲೋ, ಇದು ಹಾಲ್‌ನ ಬ್ರೆಡ್ಡು, ನಾನು ಒಡೀಲಿಯಾ. ಎಷ್ಟು ಬೇಕು, ಯಾವತ್ತಿಗೆ ಬೇಕು ಹೇಳಿ ಇಡಿ. ಆಮೇಲೆ ನಾನೇ ಫೋನ್ ಮಾಡ್ತೀನಿ." ಅದನ್ನು ಬದಲಿಸಬೇಕು ಎಂದು ಅಂಗಡಿಯವರಾಗಲಿ ಮನೆಯವರಾಗಲಿ ಎಂದೂ ಅನ್ನಲಿಲ್ಲ. ಬಂದ ಸಂದೇಶಗಳನ್ನು ಕೇಳುವಾಗ ಆರ್ಡರುಗಳ ನಡುವೆ ವಾರಕ್ಕೆ ಎರಡು ಮೂರು ಖಾಲಿ ಸಂದೇಶಗಳು ಸಿಗುತ್ತಿದ್ದವು. ಖಾಲಿ ಎಂದರೆ ಮಾತಿಲ್ಲ. ಹಿಂದೆ ಒಂದು ಯಂತ್ರದ ಗುಂಯ್ ಸದ್ದು, ಉಕ್ಕಿನ ತೊಟ್ಟಿಗೆ ನೀರು ಬೀಳುವ ಸದ್ದು. ಡೆಲ್ಫೀನಾಗೆ ಆ ಸದ್ದು ಗೊತ್ತು. ಚಿಕ್ಕವಳಿದ್ದಾಗ ಊಟದ ಡಬ್ಬಿ ಕೊಡಲು ಚೀಸ್ ಕಾರ್ಖಾನೆಗೆ ಹೋಗುತ್ತಿದ್ದಳು. ಮನೆಯಲ್ಲಿ ಮೂರು ವರ್ಷದಿಂದ ದೊಡ್ಡ ಮಗಳ ಹೆಸರೆತ್ತದ ಅಮ್ಮ, ಕೆಲಸದ ನಡುವಿನ ಬಿಡುವಿನಲ್ಲಿ ಆ ನಂಬರಿಗೆ ಫೋನ್ ಮಾಡಿ, ಕೇಳಿ, ಇಡುತ್ತಿದ್ದಳು. ಡೆಲ್ಫೀನಾ ಆ ಸಂದೇಶಗಳನ್ನು ಅಳಿಸುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ.

ಜನವರಿ ಎರಡನೇ ವಾರ ವಿಶ್ವವಿದ್ಯಾಲಯದಿಂದ ಒಂದು ಈಮೇಲ್ ಬಂತು. ಪ್ರತಿವರ್ಷ ಅರ್ಜಿದಾರರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅರ್ಜಿಯ ಯಾವುದಾದರೂ ಒಂದು ಸಂಗತಿಗೆ ಸಾಕ್ಷಿ ಕೇಳುತ್ತಾರೆ. ಈ ಸಲದ ಚೀಟಿಯಲ್ಲಿ ಅವಳ ಹೆಸರು ಬಂದಿತ್ತು. ಕೇಳಿದ್ದು ಬ್ರೆಡ್ಡಿನ ಬಗ್ಗೆಯೇ. ಈ ಕೆಲಸವನ್ನು ಅವಳೇ ಶುರು ಮಾಡಿದ್ದೆಂದು ತಿಳಿದವರ ಸಹಿ ಇರುವ ಪತ್ರ ಒಂದು, ತಾವು ಕರೆ ಮಾಡಿ ವಿಚಾರಿಸಬಹುದಾದ ಫೋನ್ ನಂಬರ್ ಒಂದು. ಎರಡು ವಾರದೊಳಗೆ ಬರದಿದ್ದರೆ ಅರ್ಜಿ ರದ್ದು.

ಡೆಲ್ಫೀನಾ ಪತ್ರವನ್ನು ತಾನೇ ಟೈಪ್ ಮಾಡಿದಳು. ಐದೇ ಸಾಲು. ಸಹಿಗೆ ಇದ್ದದ್ದು ಟೀಯಾ ದೆಯೋಲಿಂಡಾ ಒಬ್ಬಳೇ. ಟೀಯಾ ಎಂದರೆ ಚಿಕ್ಕಮ್ಮ. ಆಕೆ ಊರಿಗೆಲ್ಲ ಚಿಕ್ಕಮ್ಮ. ಆರು ಮುದುಕಿಯರಲ್ಲಿ ಹಿರಿಯಳು, ಎಪ್ಪತ್ತೆಂಟು ವಯಸ್ಸು, ಗಂಡ ಸತ್ತಂದಿನಿಂದ ಉಟ್ಟ ಕಪ್ಪನ್ನು ಬಿಟ್ಟಿಲ್ಲ, ನಾದುವ ತೊಟ್ಟಿಯ ತಲೆಭಾಗ ಆಕೆಯದು. ಫೋನ್ ನಂಬರ್? ಹಾಲ್‌ಗೆ ಇದ್ದದ್ದು ಆ ಒಂದು ನಂಬರ್. ಅಲ್ಲಿಗೆ ಕರೆ ಮಾಡಿದ ಅಧಿಕಾರಿಗೆ, ನಾನು ಒಡೀಲಿಯಾ ಎಂದು ಕೇಳಿಸಬಾರದಿತ್ತು. ಹಳೆಯ ಮಾತನ್ನು ಅಳಿಸಿ ತನ್ನದನ್ನು ತುಂಬಬೇಕಿತ್ತು. ಎರಡು ಗುಂಡಿ ಒತ್ತುವ ಕೆಲಸ. ಪತ್ರವೊಂದು ಮೊದಲು ಆಗಲಿ ಎಂದು ಅವಳು ಅದನ್ನು ಮುಂದಕ್ಕೆ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಆರಕ್ಕೆಲ್ಲ ಹಾಲ್‌ನ ಕಿಟಕಿಗಳು ಮಂಜಿನಲ್ಲಿ ಹಳದಿಯಾಗಿ ತೇಲುತ್ತಿದ್ದವು. ಒಳಗೆ ಹೋದ ಕೂಡಲೇ ಯಾರೋ ಶುರು ಮಾಡಿದರು. "ಬಂದ್ರು ನೋಡ್ರೇ ದೊಡ್ಡ ಕಾಲೇಜಿನ ಮೇಡಂ. ಕೈ ತೊಳ್ಕೊಂಡ್ಯಾ, ಇಲ್ಲಾ ಅದಕ್ಕೂ ಅರ್ಜಿ ಹಾಕ್ಬೇಕಾ?" ಆರೂ ಜನ ನಕ್ಕರು. ಅವಳ ನಾದುವಿಕೆ, ಅವಳ ತೆಳ್ಳನೆ ತೋಳು, ಬೆಟ್ಟದಾಚೆಯ ಊರಿನಲ್ಲಿ ಗಂಡು ಸಿಕ್ಕರೆ ಅಡುಗೆ ಅವನೇ ಮಾಡಿಕೊಳ್ಳಬೇಕು ಎನ್ನುವುದು ಇವೆಲ್ಲ ವಾರವಾರದ ಮಾತು. ಡೆಲ್ಫೀನಾ ಅಂಗಿಯ ತೋಳು ಮಡಚಿ ನಿಂಬೆಸಿಪ್ಪೆ ತುರಿಯಲು ಕೂತಳು. ಹಿಟ್ಟು ನಾದಿ ಮುಗಿಯುವ ಹೊತ್ತಿಗೆ ಪತ್ರವನ್ನು ಏಪ್ರನ್ನಿನ ಜೇಬಿನಿಂದ ತೆಗೆದು, ಇದಕ್ಕೊಂದು ಸಹಿ ಬೇಕಿತ್ತು ಟೀಯಾ ಎಂದಳು.

ಟೀಯಾ ದೆಯೋಲಿಂಡಾಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಮ್ಮ ಮಾತಲ್ಲಿ ಓದು ಎಂದಳು. ಡೆಲ್ಫೀನಾ ಬೇರೆ ಏನಾದರೂ ಓದಬಹುದಿತ್ತು. ಸುಳ್ಳಿನ ಮೇಲೆ ಸುಳ್ಳು ಹೇರಲು ನಾಲಗೆ ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೇ ಪೋರ್ಚುಗೀಸಿಗೆ ತಿರುಗಿಸಿದಳು. ಕೆಳಗೆ ಸಹಿ ಮಾಡಿದ ನಾನು ತಿಳಿಸುವುದೇನೆಂದರೆ, ಈ ಬ್ರೆಡ್ಡಿನ ವ್ಯಾಪಾರವನ್ನು ಡೆಲ್ಫೀನಾ ಬೋರ್ಬಾ ಎಂಬವಳು ಶುರು ಮಾಡಿ, ಬೆಳೆಸಿ, ನಡೆಸುತ್ತಿದ್ದಾಳೆ.

ತಟ್ಟೆ ಜೋಡಿಸುವ ಸದ್ದು ನಿಂತಿತು.

"ಇದ್ರಲ್ಲಿ ಒಡೀಲಿಯಾ ಎಲ್ಲಿ?" ಎಂದಳು ಟೀಯಾ.

"ಜಾಗ ಸಾಲ್ಲಿಲ್ಲ, ಟೀಯಾ."

"ಜಾಗ." ಮುದುಕಿ ಆ ಪದವನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದಳು. ಕೈಯ ಹಿಟ್ಟನ್ನು ಬೆರಳು ಬೆರಳಾಗಿ ಉಜ್ಜಿ ತೆಗೆದಳು. "ಪೆನ್ನು ಕೊಡು. ಸತ್ತೋರಿಗೆ ಕಾಲೇಜು ಬೇಡ, ಬದುಕಿರೋಳಿಗೆ ಬೇಕು. ಸುಳ್ಳಿಗೆ ಸಹಿ ಹಾಕ್ತಿರೋದು ನಾನು ಇದೇ ಮೊದ್ಲಲ್ಲ. ಈ ದೇಶಕ್ಕೆ ಬರೋವಾಗ ವಯಸ್ಸೇ ಸುಳ್ಳು ಬರ್ಸಿದ್ದೆ."

ಯಾರೂ ನಗಲಿಲ್ಲ. ಆಕೆ ದೊಡ್ಡ ಅಕ್ಷರಗಳಲ್ಲಿ, ಪ್ರತಿ ಅಕ್ಷರಕ್ಕೂ ತುಟಿ ಬಿಗಿದು, ಸಹಿ ಮಾಡಿದಳು. ಕಾಗದದ ಅಂಚಿಗೆ ಬೆಣ್ಣೆಯ ಹೆಬ್ಬೆರಳು ಮೂಡಿತು.

ನಾದಿದ ಹಿಟ್ಟನ್ನು ಉಬ್ಬಲು ಬಿಡುವ ಮುಂಚೆ ಅಲ್ಲಿ ಒಂದು ಪದ್ಧತಿ. ಹಿರಿಯಳು ಅಂಗೈಯ ಅಂಚಿನಿಂದ ಹಿಟ್ಟಿನ ಮೇಲೆ ಶಿಲುಬೆ ಎಳೆದು, ಹಿಟ್ಟು ಹೆಚ್ಚಿಸು ಎಂದು ಒಬ್ಬ ಸಂತನನ್ನು, ಬೇಯಿಸು ಎಂದು ಇನ್ನೊಬ್ಬನನ್ನು ಕರೆದು, ಕೊನೆಗೆ ಒಂದು ಆತ್ಮದ ಹೆಸರು ಹೇಳುತ್ತಾಳೆ. ಆ ವಾರದ ಹಿಟ್ಟು ಅವರ ನೆಮ್ಮದಿಗೆ. ಬೇರೆ ಮನೆಗಳಲ್ಲಿ ಹೆಸರು ಬದಲಾಗುತ್ತದೆ. ಹಾಲ್‌ನಲ್ಲಿ ಮೂರು ವರ್ಷದಿಂದ ಒಂದೇ ಹೆಸರು. ಟೀಯಾ ಶಿಲುಬೆ ಎಳೆದಳು. ಇಬ್ಬರು ಸಂತರೂ ಬಂದು ಹೋದರು. ಹೆಸರಿನ ಜಾಗದಲ್ಲಿ ಬಾಯಿ ಮುಚ್ಚಿಕೊಂಡಳು. ಉಳಿದವರು ಕಾದರು. ಮರೆತಿರಬೇಕೆಂದು ಒಬ್ಬಳು ಮೆಲ್ಲಗೆ ನೆನಪಿಸಲು ಹೋದಳು.

"ಬೇಡ," ಎಂದಳು ಟೀಯಾ ದೆಯೋಲಿಂಡಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗಷ್ಟೇ ಸಹಿ ಹಾಕಿದೀನಿ. ಅಲ್ಲಿ ಇಲ್ದೋಳನ್ನ ಇಲ್ಲಿ ಹೇಗೆ ಕರೀಲಿ? ದೇವರಿಗೆ ಯಾವುದು ನಿಜ ಅಂತ ತಲೆ ಕೆಡುತ್ತೆ."

ಮಗುವಿಗೆ ಹೊದಿಸುವ ಹಾಗೆ ಹಿಟ್ಟಿಗೆ ಕಂಬಳಿ ಹೊದಿಸಿ, ಅಂಚುಗಳನ್ನು ಒತ್ತಿ, ಆಕೆ ಕಾಫಿಗೆ ಹೋದಳು. ಡೆಲ್ಫೀನಾ ತೊಟ್ಟಿಯ ಪಕ್ಕ ನಿಂತೇ ಇದ್ದಳು. ಕಂಬಳಿಯ ಕೆಳಗೆ ಯಾರ ಹೆಸರೂ ಇಲ್ಲದ ಹಿಟ್ಟು ಬೆಚ್ಚಗೆ ಉಸಿರಾಡುತ್ತಿತ್ತು.

ಹೊರಗೆ ಕಾರಿನಲ್ಲಿ ಕೂತು ಹಳೇ ಮೊಬೈಲ್ ತೆಗೆದಳು. ಪತ್ರ ಸಿಕ್ಕಿದ ಮೇಲೆ ಉಳಿದದ್ದು ಇದೊಂದೇ. ಇನ್ನು ಮುಂದಕ್ಕೆ ಹಾಕಲು ನೆಪವಿರಲಿಲ್ಲ. ಮುಂಗಾಜಿನ ಆಚೆ ಹಾಲ್‌ನ ಗೋಡೆಯೂ ಕಾಣುತ್ತಿರಲಿಲ್ಲ. ಯಂತ್ರದ ದನಿ ಒಂದು ಹೊಸ ಸಂದೇಶವಿದೆ ಎಂದಿತು. ಬೆಳಿಗ್ಗೆ ಐದು ಐವತ್ತಕ್ಕೆ ಬಂದದ್ದು. ಅವಳು ಮನೆ ಬಿಟ್ಟ ಹೊತ್ತು. ಮತ್ತೆ ಅದೇ ಗುಂಯ್ ಸದ್ದು, ತೊಟ್ಟಿಗೆ ನೀರು. ಅಳಿಸಲು ಬೆರಳು ಗುಂಡಿಯ ಮೇಲಿತ್ತು. ಅಷ್ಟರಲ್ಲಿ ಸದ್ದಿನೊಳಗಿಂದ ಅಮ್ಮ ಮಾತಾಡಿದಳು. ಪಕ್ಕದ ಕೋಣೆಯಲ್ಲಿ ಮಲಗಿದವಳ ಹತ್ತಿರ ಹೇಳುವಷ್ಟು ಮೆಲ್ಲಗೆ.

"ಒಡೀಲಿಯಾ, ಇವತ್ತು ಮಂಜು ಜಾಸ್ತಿ ಕಣೇ. ತಂಗಿ ಹೊರಟಿದಾಳೆ. ಆ ಕಾಲುವೆ ಹತ್ರ ಸ್ವಲ್ಪ ನೋಡ್ಕೋ."

ಆಮೇಲೆ ನೀರು ಮಾತ್ರ ಬೀಳುತ್ತಿತ್ತು.

ಸಂದೇಶ ಮುಗಿದು, ಅಳಿಸಲು ಇದು, ಉಳಿಸಲು ಅದು, ನಿಮ್ಮ ಸ್ವಾಗತದ ಮಾತು ಬದಲಿಸಲು ಇನ್ನೊಂದು ಎಂದು ಯಂತ್ರ ಹೇಳತೊಡಗಿತು. ಯಾರೂ ಏನೂ ಒತ್ತದ್ದರಿಂದ ಮತ್ತೆ ಮೊದಲಿನಿಂದ ಹೇಳಿತು. ಮೂರನೆಯ ಸಲ ಸಾಕಾಗಿ ತಾನೇ ಕಡಿದುಕೊಂಡಿತು.

ಹಿಟ್ಟು ಉಬ್ಬಲು ನಾಲ್ಕು ಗಂಟೆ ಬೇಕು. ಡೆಲ್ಫೀನಾ ಕಾಲೇಜಿನ ಕಡೆ ಹೊರಟಳು. ರಸ್ತೆಯಂಚಿನ ಬಿಳಿ ಗೆರೆಯೊಂದನ್ನೇ ನೋಡುತ್ತ, ಮೂವತ್ತು ದಾಟದ ವೇಗದಲ್ಲಿ. ಕಾಲುವೆಯ ಕೂಡು ಬಂದಾಗ ನಿಲ್ಲಿಸಿ ಕಿಟಕಿ ಇಳಿಸಿದಳು. ಮಂಜು ಒಳಗೆ ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಕಿವಿಗೊಟ್ಟಳು. ನೀರಿನ ಸದ್ದು, ದೂರದಲ್ಲೆಲ್ಲೋ ಪಂಪಿನ ಸದ್ದು. ದಾಟಬಹುದು ಎಂದು ತನಗೆ ಹೇಗೆ ಗೊತ್ತಾಯಿತೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ದಾಟಿದ ಮೇಲೂ ತುಂಬ ದೂರ ಕಿಟಕಿ ಏರಿಸಲಿಲ್ಲ.

ಮಿಸ್ ರುವೇಲಸ್ ಆಗ ತಾನೇ ಬಂದು ಕೋಟು ತೂಗುಹಾಕುತ್ತಿದ್ದರು. ಡೆಲ್ಫೀನಾ ಸಹಿಯಾದ ಪತ್ರವನ್ನು ಮೇಜಿನ ಮೇಲಿಟ್ಟು, ನವೆಂಬರಿನ ಕೊನೆಯ ಗಂಟೆಯಲ್ಲಿ ಏನು ಕಡಿದಳು, ತುದಿಗಳನ್ನು ಹೇಗೆ ಕೂಡಿಸಿದಳು, ಈ ಐದು ಸಾಲಿನಲ್ಲಿ ಸುಳ್ಳು ಯಾವುದು ಎಲ್ಲವನ್ನೂ ಹೇಳಿದಳು. ಅಷ್ಟು ಉದ್ದ ಅವಳು ಮಾತಾಡಿದ್ದನ್ನು ಮಿಸ್ ರುವೇಲಸ್ ಮೊದಲ ಸಲ ಕೇಳುತ್ತಿದ್ದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಕಳಿಸೋ ಮುಂಚೆ ಇನ್ನೊಂದ್ಸಲ ತಂದು ತೋರಿಸ್ಬೇಕಿತ್ತು ನೀನು."

"ಬಾಗ್ಲು ಹಾಕ್ತಿದ್ರು, ಮಿಸ್."

ಅವರು ತಮ್ಮ ಕುರ್ಚಿಗೆ ಬಂದು ಕೂತರು. ಅಕ್ಕನನ್ನು ಕಡಿಮೆ ಮಾಡು ಎಂದವಳು ನಾನೇ ಎಂದರು. ಹೇಳಿದ್ದು ಕಡಿಮೆ ಮಾಡು ಎಂದು, ತೆಗೆದುಹಾಕು ಎಂದಲ್ಲ, ಆದರೂ ಹೇಳಿದ್ದು ನಾನೇ. ಆಮೇಲೆ ಕೆಲಸದ ದನಿಗೆ ಬಂದರು. ತಪ್ಪನ್ನು ತಾನಾಗಿ ತಿದ್ದಿ ಬರೆಯಲು ಅವಕಾಶವಿದೆ. ಓದಿದವರು ಒಪ್ಪಲೂಬಹುದು, ಅರ್ಜಿಯನ್ನೇ ರದ್ದು ಮಾಡಲೂಬಹುದು. ಮಾಡಿದರೆ ಅಲ್ಲೊಂದೇ ಕಡೆಯಲ್ಲ, ಆ ವಿಶ್ವವಿದ್ಯಾಲಯದ ಎಲ್ಲ ಶಾಖೆಗಳಲ್ಲೂ. ಉಳಿದರೂ ಅರ್ಜಿ ಮೊದಲಿನಷ್ಟು ಗಟ್ಟಿಯಿರುವುದಿಲ್ಲ. ಬೇರೆಯವರು ಕಟ್ಟಿದ್ದನ್ನು ಮುಂದುವರಿಸಿದೆ ಎನ್ನುವ ಅರ್ಜಿಗಳನ್ನು ಈ ವರ್ಷವೇ ನಲವತ್ತು ಓದಿದ್ದೇನೆ ಎಂದೂ ಹೇಳಿದರು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

"ಈ ಪತ್ರ ನಾನು ನೋಡಿಲ್ಲ ಅಂದ್ಕೋ. ಇದನ್ನೇ ಕಳ್ಸಿದ್ರೆ ಯಾರಿಗೂ ಗೊತ್ತಾಗಲ್ಲ. ಅದೂ ನಿಂಗೆ ಗೊತ್ತಿರ್ಲಿ ಅಂತ ಹೇಳ್ದೆ. ಕಳ್ಸು ಅಂತ ಅಲ್ಲ."

ಡೆಲ್ಫೀನಾ ಪತ್ರವನ್ನು ಎತ್ತಿಕೊಂಡಳು. ಬೆಣ್ಣೆಯ ಹೆಬ್ಬೆರಳು ಕಾಗದದಲ್ಲಿ ಹರಡಿ ಇನ್ನೂ ದೊಡ್ಡದಾಗಿತ್ತು. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ನಿಮ್ಮ ಕಂಪ್ಯೂಟರಿನಲ್ಲೇ ಬರೆಯಲೇ ಎಂದು ಕೇಳಿದಳು. ಮಿಸ್ ರುವೇಲಸ್ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಉತ್ತರ ಬರೆಯುವ ಚೌಕ ತೆರೆಯಿತು. ಅದರ ಕೆಳಗೆ ಎಣಿಕೆ ಇರಲಿಲ್ಲ, ಕೆಂಪೂ ಇಲ್ಲ, ಕಪ್ಪೂ ಇಲ್ಲ. ಎಷ್ಟು ಬೇಕಾದರೂ ಬರೆಯಬಹುದಿತ್ತು. ಅವಳು ಮೊದಲು ಅಕ್ಕನ ಪೂರ್ತಿ ಹೆಸರು ಬರೆದಳು. ಇದನ್ನು ಶುರು ಮಾಡಿದ್ದು ಇವಳು, ನಾನಲ್ಲ. ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಟ್ಟ ದಾಟಿದವಳು ಇವಳು. ನಾನು ಪೆಟ್ಟಿಗೆ ಇಳಿಸುತ್ತಿದ್ದೆ. ಅವಳು ತೀರಿಕೊಂಡ ಎಂಟನೆಯ ವಾರ ಫೋನ್ ತೆಗೆದೆ, ಆಮೇಲೆ ಇಡಲಿಲ್ಲ. ನಿಮ್ಮ ಮಿತಿಗೆ ಹಿಡಿಸಬೇಕೆಂದು ಕಡಿಯುತ್ತ ಅವಳನ್ನೇ ಕಡಿದೆ, ಅದು ನನ್ನ ತಪ್ಪು. ಅಲ್ಲಿಗೆ ನಿಲ್ಲಿಸಿದಳು. ಎಂಟು ಹತ್ತು ಸಾಲು ಆಗಿತ್ತು. ಸತ್ತ ರೀತಿಯನ್ನು, ಮಂಜನ್ನು ಬರೆಯಲಿಲ್ಲ. ಕರುಣೆ ಕೇಳಿದಂತಾಗಬಾರದು ಎಂದು. ಫೋನ್ ನಂಬರಿನ ಜಾಗದಲ್ಲಿ ಹಾಲ್‌ನ ನಂಬರನ್ನೇ ತುಂಬಿದಳು.

ಹಿಂದೆ ನಿಂತು ಓದುತ್ತಿದ್ದ ಮಿಸ್ ರುವೇಲಸ್ ಒಂದು ಕಡೆ ಅಲ್ಪವಿರಾಮ ಹಾಕಿಸಿದರು, ಅಷ್ಟೇ. ಕಳಿಸುವ ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ, ನಿಮ್ಮ ಉತ್ತರ ತಲುಪಿದೆ, ಏಪ್ರಿಲ್ ಕೊನೆಯೊಳಗೆ ತಿಳಿಸಲಾಗುವುದು ಎಂದು ಬಂತು. ಏಪ್ರಿಲ್ ಎಂದರೆ ಮಂಜು ಹೋಗಿ ಬಾದಾಮಿ ಕಾಯಿ ಕಟ್ಟಿರುತ್ತದೆ. ಡೆಲ್ಫೀನಾ ಎದ್ದು ಜಾಕೆಟ್ಟು ಹಾಕಿಕೊಂಡಳು.

"ಸೀಟು ಹೋದ್ರೂ ಹೋಗ್ಬಹುದು, ಗೊತ್ತಲ್ಲ?" ಎಂದರು ಮಿಸ್ ರುವೇಲಸ್. "ಮನೇಲಿ ಏನ್ ಹೇಳ್ತೀಯಾ?"

"ಗೊತ್ತು, ಮಿಸ್." ಅವಳು ಗೋಡೆ ಗಡಿಯಾರ ನೋಡಿದಳು. ಚೀಲ ಹೆಗಲಿಗೆ ಹಾಕಿ ಬಾಗಿಲು ತೆರೆದಳು. "ಅಮ್ಮಂದು ಎರಡು ಗಂಟೆಗೆ ಪಾಳಿ ಮುಗಿಯುತ್ತೆ. ಗೇಟಿನ ಹತ್ರ ಹೋಗಿ ನಿಂತ್ಕೋತೀನಿ. ಅಪ್ಪನ ಎದುರು ಆಗಲ್ಲ, ಕಾರಲ್ಲಿ ಬರ್ತಾ ಇಬ್ರೇ ಇದ್ದಾಗ ಅಕ್ಕನ ಹೆಸರು ನಾನೇ ಮೊದ್ಲು ತೆಗೀತೀನಿ, ಆಮೇಲೆ ಅಮ್ಮ ಏನಾದ್ರೂ" ಎನ್ನುತ್ತ ಕಾರಿಡಾರಿಗೆ ಇಳಿದು ಹೋದಳು, ಉಳಿದ ಮಾತು ಹೊರಬಾಗಿಲ ಮಂಜಿನ ಕಡೆಗೆ ಅವಳ ಜೊತೆಯಲ್ಲೇ ಹೋಯಿತು.